ರೇಟ್ ಬದಲಾದ ರಾತ್ರಿಯ ಲೆಕ್ಕ: ಬಂಕ್ ಮ್ಯಾನೇಜರ್ ಜೊತೆ ಪ್ರಶ್ನೋತ್ತರ

(ವಿಜಯಪುರ–ಬಾಗಲಕೋಟೆ–ಬೆಳಗಾವಿ ಚಾಲಕರು ಮತ್ತು ಬಂಕ್ ಕೆಲಸಗಾರರ ಗುಂಪು)

ಮ್ಯಾನೇಜರ್: ಎಲ್ಲಾರಿಗೂ ನಮಸ್ಕಾರ. ರಾತ್ರಿ 9ರ ತನಕ ಇರ್ತೀನಿ. ಪೆಟ್ರೋಲ್-ಡೀಸೆಲ್ ರೇಟ್, ಅಳತಿ, ಬಂಕ್ ಹುಡುಗರ ಲೆಕ್ಕ, ಏನಿದ್ರೂ ಕೇಳ್ರಿ. ಯಾವ ಬಂಕಿನ ಹೆಸರೂ ಹಾಕಬ್ಯಾಡ್ರಿ.

ಆಟೋ ಚಾಲಕ, ವಿಜಯಪುರ: ಸರ್, ನಾಳೆ ಪೆಟ್ರೋಲ್ 4 ರೂಪಾಯಿ ಏರ್ತೈತಿ, ಇವತ್ತ ಟ್ಯಾಂಕ್ ತುಂಬಸ್ರಿ ಅಂತ ಮೆಸೇಜ್ ಬಂದೈತಿ. ಖರೇ ಏನ್ರಿ?

ಮ್ಯಾನೇಜರ್: ಫಾರ್ವರ್ಡ್ ನಂಬಬ್ಯಾಡ್ರಿ. 2017ರ ಜೂನ್ 16ರಿಂದ ರೇಟ್ ಬದಲಾಗೋದು ಬೆಳಿಗ್ಗೆ 6ಕ್ಕ. ಕಂಪನಿ ಆ್ಯಪ್‌ನಾಗ ನಿಮ್ಮ ಬಂಕಿನ ರೇಟ್ ಕಾಣ್ತದ. ಖರೇನ 4 ರೂಪಾಯಿ ಏರಿದ್ರೂ 8 ಲೀಟರ್ ಟ್ಯಾಂಕಿಗೆ ಉಳಿಯೋದು 32 ರೂಪಾಯಿ. ಅದಕ್ಕಾಗಿ ತಾಸುಗಟ್ಟಲೆ ಪಾಳಿ ನಿಂತ್ರ ಒಂದು ಬಾಡಿಗಿ ಹೋಗ್ತದ.

ನಾಝಲ್ ಹುಡುಗ (ಬಂಕಿನಾಗ ಎಣ್ಣಿ ಹಾಕೋನು), ಜಮಖಂಡಿ ಕಡೆ: ಸರ್, ನಂದು ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿ. ರೇಟ್ 80 ಪೈಸೆ ಏರಿದ ದಿನ ಮೀಟರ್‌ನಾಗ ಒಟ್ಟು 1,140 ಲೀಟರ್ ಓಡಿತ್ತು. 6 ಗಂಟೆಗೆ ಮೀಟರಿನ ಫೋಟೋ ತಗೊಂಡೀನಿ, ಅಲ್ಲಿತನಕ 870 ಲೀಟರ್. ರೊಕ್ಕ ಎಣಿಸಿದಾಗ 1,200 ರೂಪಾಯಿ ಶಾರ್ಟ್ ಅಂದ್ರು, ಪಗಾರದಾಗ ಹಿಡಿದ್ರು. ನಾನು ಒಂದು ರೂಪಾಯಿ ಮುಟ್ಟಿಲ್ರಿ.

ಮ್ಯಾನೇಜರ್: ತಮ್ಮಾ, ಫೋಟೋ ತಗೊಂಡಿದ್ದು ಭಾಳ ಚಲೋ ಆತು. ನಿಧಾನಕ್ಕ ಓದು.

6ರ ಮುಂಚೆ ಮಾರಿದ 870 ಲೀಟರಿಗೆ ಗಿರಾಕಿ ಕೊಟ್ಟದ್ದು ಹಳೇ ರೇಟ್. ಲೆಕ್ಕ ಹಾಕೋರು 8 ಗಂಟೆಯ ರೀಡಿಂಗ್‌ನಾಗ ಹಿಂದಿನ ರಾತ್ರಿ 8ರ ರೀಡಿಂಗ್ ಕಳೆದು, ಎಲ್ಲಾ 1,140 ಲೀಟರಿಗೂ ಹೊಸ ರೇಟ್ ಹಚ್ಚಿದ್ರ 870 × 0.80 = 696 ರೂಪಾಯಿ ನಿನ್ನ ತಲಿ ಮ್ಯಾಲ ಬೀಳ್ತದ. ಆ ರೊಕ್ಕ ಗಿರಾಕಿ ಕೊಟ್ಟೇ ಇಲ್ಲ, ನಿನ್ನ ಕೈಗೆ ಬಂದೇ ಇಲ್ಲ.

ಇನ್ನುಳಿದದ್ದು 500ರ ಆಸುಪಾಸು. ಮುಂಜಾನೆ 5 ಲೀಟರ್ ಮಾಪಿನಾಗ ಅಳತಿ ನೋಡ್ತೀರಲ್ಲ, ಆ ಎಣ್ಣಿ ವಾಪಸ್ ನೆಲದ ಟ್ಯಾಂಕಿಗೆ ಹಾಕ್ತಾರ, ಆದ್ರ ಮೀಟರ್ ಓಡಿರ್ತದ. ಅದನ್ನ ಟೆಸ್ಟಿಂಗ್ ಅಂತ ಕಳೀಲಿಲ್ಲಂದ್ರ, ಲೀಟರಿಗೆ 102 ಹಿಡಿದ್ರ 510 ರೂಪಾಯಿ. 696 ಕೂಡಿಸಿದ್ರ 1,206. ನಿನ್ನ ಶಾರ್ಟ್ ಇಲ್ಲೇ ಐತಿ.

ಈಗ ಮಾಡೋದು: 6 ಗಂಟೆ ರೀಡಿಂಗ್ ಬಂಕಿನ ಆಟೊಮೇಷನ್ ಕಂಪ್ಯೂಟರ್‌ನಾಗೂ (ಮೀಟರ್ ತಾನಾಗೇ ಬರಕೊಳ್ಳೋದು) ಇರ್ತದ, ಅದರ ಪ್ರಿಂಟ್ ಕೇಳು. ಟೆಸ್ಟಿಂಗ್ ರಿಜಿಸ್ಟರ್‌ನಾಗ ಆ ದಿನದ 5 ಲೀಟರ್ ಬರ್ದಾರೋ ಇಲ್ಲೋ ನೋಡು. ಹಾಳಿ ಮ್ಯಾಲ ಎರಡು ಲೆಕ್ಕ ಬರಿ: 870 ಹಳೇ ರೇಟಿಗೆ, ಉಳಿದ 270ರಾಗ ಟೆಸ್ಟಿಂಗ್ 5 ಕಳೆದು 265 ಹೊಸ ರೇಟಿಗೆ. ಕಾರ್ಡ್, ಫೋನ್‌ಪೇ, ಉದ್ರಿ ಚೀಟಿ ಬ್ಯಾರೆ ಬ್ಯಾರೆ ಬರಿ. ಕೆಲಸಗಾರನ ತಪ್ಪಿನಿಂದಲೇ ನಷ್ಟ ಆಗಿದ್ರ ಮಾತ್ರ ಪಗಾರ ಹಿಡಿಬಹುದು, ಅದೂ ಅವನಿಗೆ ಕಾರಣ ಹೇಳಲಿಕ್ಕೆ ಅವಕಾಶ ಕೊಟ್ಟ ಮ್ಯಾಲ. ಕೇಳದೇ ಹಿಡಿಯೋದು ಕಾನೂನಿಗೆ ವಿರುದ್ಧ.

ಇನ್ನೊಂದು ವಿಚಾರ ಮಾಡ್ರಿ ಎಲ್ಲಾರೂ. ರೇಟ್ ಇಳಿದ ದಿನ ಇದೇ ತಪ್ಪು ಲೆಕ್ಕದಾಗ ರೊಕ್ಕ ಹೆಚ್ಚು ಬರ್ತದ. ಅದನ್ನ ಹುಡುಗರಿಗೆ ಕೊಡ್ತಾರೇನು? 2022ರ ಮಾರ್ಚ್ 22ರಿಂದ ಏಪ್ರಿಲ್ 6ರೊಳಗ 14 ಸಲ ಏರಿ ಲೀಟರಿಗೆ 10 ರೂಪಾಯಿ ಹೆಚ್ಚಾತು. 6ರ ರೀಡಿಂಗ್ ಬರೀದ ಬಂಕಿನಾಗ 14 ದಿನದ ಶಾರ್ಟ್ ಯಾರ ಪಗಾರದಾಗ ಹೋಗಿರಬೇಕು?

ಆಟೋ ಚಾಲಕ, ಬಾಗಲಕೋಟೆ: ಸರ್, ಪೆಟ್ರೋಲಿಗೆ ನುಸಿಗುಳಿಗಿ ಹಾಕಿದ್ರ ಮೈಲೇಜ್ ಬರ್ತೈತಂತ?

ಮ್ಯಾನೇಜರ್: ಇಲ್ಲ. ಕರಗದ್ದು ಫಿಲ್ಟರ್, ಇಂಜೆಕ್ಟರ್‌ನಾಗ ಕೂಡ್ತದ. ಹಾಕಬ್ಯಾಡ್ರಿ.

ಬೈಕ್ ಸವಾರ, ಇಂಡಿ: ಮುಂಜಾನೆ ತಂಪಿನಾಗ ಹಾಕಿಸಿದ್ರ ಎಣ್ಣಿ ಹೆಚ್ಚು ಬರ್ತದಲ್ರಿ?

ಮ್ಯಾನೇಜರ್: ಟ್ಯಾಂಕ್ ನೆಲದೊಳಗ ಇರ್ತದ. ಹಗಲು-ರಾತ್ರಿಗೆ ಅದರ ಉಷ್ಣತಾ ಅಷ್ಟೇನು ಬದಲಾಗೂದಿಲ್ಲ.

ಬೈಕ್ ಸವಾರ, ಸಿಂದಗಿ: 100 ರೂಪಾಯಿದ್ರ ಬದಲಿ 110ರದ್ದು ಹಾಕಿಸಬೇಕಂತ, 100ಕ್ಕ ಎಣ್ಣಿ ಕಡಿಮಿ ಬರೋ ಹಂಗ ಸೆಟ್ಟಿಂಗ್ ಇರ್ತದಂತ?

ಮ್ಯಾನೇಜರ್: ಅನುಮಾನ ಇದ್ರ 5 ಲೀಟರ್ ಮಾಪು ಕೇಳ್ರಿ, ತೋರಿಸಲೇಬೇಕು. 5 ಲೀಟರಿಗೆ 25 ಮಿಲಿ ಲೀಟರ್‌ಗಿಂತ ಹೆಚ್ಚು ಕೊರತಿ ಬಂದ್ರ ಕಾನೂನು ಮಾಪನಶಾಸ್ತ್ರ (ತೂಕ-ಅಳತಿ) ಇಲಾಖೆಗೆ ದೂರು ಕೊಡ್ರಿ. ಮತ್ತ ಇಂಥಾ ಫಾರ್ವರ್ಡ್ ಇಲ್ಲಿ ಹಾಕಬ್ಯಾಡ್ರಿ.

ಉಳ್ಳಾಗಡ್ಡಿ ಬೆಳೆಗಾರ, ಬಸವನ ಬಾಗೇವಾಡಿ: ಸರ್, ರೇಟ್ ಏರೂದ್ರೊಳಗ 60 ಲೀಟರ್ ಪೆಟ್ರೋಲ್ ಪ್ಲಾಸ್ಟಿಕ್ ಕ್ಯಾನಿನಾಗ ತುಂಬಿ ಉಳ್ಳಾಗಡ್ಡಿ ಶೆಡ್‌ನಾಗ ಇಟ್ಟೀನಿ. ಪೈಪ್ ಬಾಯಿಂದ ಎಳೆದು ಔಷಧ ಹೊಡಿಯೋ ಪಂಪಿಗೆ ಹಾಕ್ತೀವಿ. ಎಷ್ಟು ದಿನ ಇರ್ತದ?

ಮ್ಯಾನೇಜರ್: ಅಣ್ಣಾರ, ಎಷ್ಟು ದಿನ ಇರ್ತದ ಅನ್ನೋದು ಆಮ್ಯಾಲ. ಇದನ್ನ ಇವತ್ತ ಸರಿ ಮಾಡ್ರಿ. ಲೈಸೆನ್ಸ್ ಇಲ್ಲದೇ ಪೆಟ್ರೋಲ್ ಇಡೋದಕ್ಕ ಮಿತಿ 30 ಲೀಟರ್, ಅದೂ 25 ಲೀಟರಿಗೆ ಮೀರದ ಲೋಹದ ಡಬ್ಬಿಯಾಗ. ಪ್ಲಾಸ್ಟಿಕ್ ಕ್ಯಾನಿನಾಗ ಸುರುವುವಾಗ ಸ್ಥಿರ ವಿದ್ಯುತ್ ಹುಟ್ಟಿ ಕಿಡಿ ಆಗ್ತದ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಗುಂಟ ಹರದು ಮೋಟರ್ ಸ್ಟಾರ್ಟರ್ ತನಕ ಹೋಗ್ತದ. ಕ್ಯಾನ್ ಶೆಡ್ಡಿನಿಂದ ಹೊರಗ, ನೆರಳಾಗ, ಗಾಳಿ ಆಡೋ ಕಡೆ ಇಡ್ರಿ. ಬೀಡಿ, ಲೈಟಿನ ಸ್ವಿಚ್ ಯಾವುದೂ ಹತ್ರ ಬ್ಯಾಡ. ಬಾಯಿಂದ ಒಮ್ಮೆನೂ ಎಳೀಬ್ಯಾಡ್ರಿ, ಒಂದು ಗುಟುಕು ಪುಪ್ಪುಸಕ್ಕ ಹೋದ್ರೂ ಜೀವಕ್ಕ ಕುತ್ತು. ಯಾರರ ನುಂಗಿದ್ರ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬ್ಯಾಡ್ರಿ, ಆ ಫಾರ್ವರ್ಡೂ ತಿರಗಾಡಾಕತ್ತದ. ಸೀದಾ ದವಾಖಾನಿಗೆ. ಕೈಪಂಪ್ ತಗೋರಿ.

ಟ್ಯಾಂಕರ್ ಚಾಲಕ, ದೇಸೂರು: ಮ್ಯಾನೇಜರ್ ಸಾಹೇಬ್ರ, ಬಂಕ್ ಹುಡುಗರ ಬಗ್ಗೆ ಅಷ್ಟು ಬರದ್ರಿ. ನಮ್ಮದು ಯಾರು ಬರಿಯೋರು? ಸೀಲ್ ಒಡೀದೇ ತಂದ ಲೋಡಿನಾಗ ಮರುದಿನ 80 ಲೀಟರ್ ಕಡಿಮಿ ಅಂತ ನಮ್ಮ ಬಾಡಿಗ್ಯಾಗ ಹಿಡಿತಾರ.

ನಾಝಲ್ ಹುಡುಗ: ಅಣ್ಣಾ, ನೀವು ಖಾಲಿ ಮಾಡಿ ಹೋಗಿಬಿಡ್ತೀರಿ. ಆಮ್ಯಾಲ ಕಡಿಮಿ ಬಂದದ್ದು ನಮ್ಮ ಪಾಳಿ ಮ್ಯಾಲ ಬೀಳ್ತದ.

ಟ್ಯಾಂಕರ್ ಚಾಲಕ: ಹಂಗಾದ್ರ ನಾನೇ ಕುಡದೀನೇನ್ ತಮ್ಮಾ? ಮಾತು ಹಿಡಿದು ಆಡು.

ನಾಝಲ್ ಹುಡುಗ: ಹಂಗ ಅಂದಿಲ್ರಿ.

ಮ್ಯಾನೇಜರ್: ಇಬ್ಬರೂ ಜಗಳಾಡಬ್ಯಾಡ್ರಿ, ಇಲ್ಲಿ ಕಳ್ಳರು ಇಲ್ಲದನೂ ಎಣ್ಣಿ ಕಡಿಮಿ ಕಾಣಬಹುದು. 12,000 ಲೀಟರ್ ಪೆಟ್ರೋಲ್ ಒಂದು ಡಿಗ್ರಿ ತಂಪಾದ್ರ ಸುಮಾರು 13 ಲೀಟರ್ ಕುಗ್ತದ. ಬಿಸಲಾಗ ಬಂದ ಲೋಡು ನೆಲದ ಟ್ಯಾಂಕಿನಾಗ 6 ಡಿಗ್ರಿ ತಂಪಾದ್ರ ಸುಮಾರು 80 ಲೀಟರ್. ಡೀಸೆಲ್ ಆದ್ರ ಡಿಗ್ರಿಗೆ 10 ಲೀಟರ್ ಹಿಡೀರಿ. ಅದಕ್ಕ ಇಳಿಸೂ ಮುಂಚೆ ಚಾಲಕ, ಬಂಕಿನವರು ಇಬ್ಬರೂ ನಿಂತು ಸೀಲ್ ನಂಬರ್, ಟ್ಯಾಂಕರಿನ ಪ್ರತಿ ಕಂಪಾರ್ಟ್‌ಮೆಂಟಿನ ಡಿಪ್ (ಕೋಲು ಇಳಿಸಿ ನೋಡಿದ ಎಣ್ಣಿ ಮಟ್ಟ), ಉಷ್ಣತಾ ಚಲನ್ ಮ್ಯಾಲ ಬರದು ಸಹಿ ಮಾಡ್ರಿ. ಡೆನ್ಸಿಟಿ (ಎಣ್ಣಿ ಸಾಂದ್ರತೆ) 15 ಡಿಗ್ರಿ ಉಷ್ಣತಾದ ಲೆಕ್ಕಕ್ಕ ತಿರುಗಿಸಿದಾಗ ಚಲನ್‌ನಾಗ ಬರದದ್ದಕ್ಕೂ ಅದಕ್ಕೂ ಘನ ಮೀಟರಿಗೆ 3 ಕಿಲೋಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರ ಲೋಡ್ ಇಳಿಸಿಕೋಬಾರದು. ಸಹಿ ಆದ ಮ್ಯಾಲ ಮರುದಿನದ ಡಿಪ್ ತೋರಿಸಿ ಚಾಲಕನ ಬಾಡಿಗಿ ಹಿಡಿಯೋದು ಅನ್ಯಾಯ.

ಟ್ಯಾಕ್ಸಿ ಚಾಲಕ, ಬೆಳಗಾವಿ: ಇಷ್ಟೆಲ್ಲಾ ಲೆಕ್ಕ ಯಾಕ್ರಿ. ಪೆಟ್ರೋಲಿನಾಗ ಕಬ್ಬಿನ ಎಥೆನಾಲ್ ನೂರಕ್ಕ 20 ಪಾಲು ಹಾಕ್ತಾರ, ಮೈಲೇಜ್ ಇಳೀತು, ರೇಟ್ ಮಾತ್ರ ಇಳೀಲಿಲ್ಲ. ಕಬ್ಬಿನವರ ಕಿಸೆ ತುಂಬಾಕತ್ತೀವಿ.

ಕಬ್ಬು ಬೆಳೆಗಾರ, ಮುಧೋಳ: ಯಾರ ಕಿಸೆ? ಕಾರ್ಖಾನಿಯವರು ನಮ್ಮ ಬಿಲ್ ಎಂದು ಕೊಡ್ತಾರ ಅಂತ ಕೇಳಿ ಮಾತಾಡ್ರಿ.

ಟ್ಯಾಕ್ಸಿ ಚಾಲಕ: ನನ್ನ ಗಾಡಿ ಕುಡಿಯೋದಕ್ಕ ನಾನು ಮಾತಾಡಾಕತ್ತೀನಿ.

ಕಬ್ಬು ಬೆಳೆಗಾರ: ಗೋವಾಕ್ಕ ಹೋಗಿ ತುಂಬಿಸಿಕೊಂಡು ಬರೋರು ನಮಗ ನ್ಯಾಯ ಹೇಳ್ತೀರಿ.

ಮ್ಯಾನೇಜರ್: ಸಾಕು. ಎಥೆನಾಲ್ ಅಗ್ಗ ಅಲ್ಲ. 2024–25ಕ್ಕ ಕಬ್ಬಿನ ರಸದ್ದಕ್ಕ ಲೀಟರಿಗೆ 65.61, ಮೆಕ್ಕೆಜೋಳದ್ದಕ್ಕ 71.86 ಅಂತ ತೈಲ ಕಂಪನಿಗಳ ಖರೀದಿ ರೇಟ್ ಇತ್ತು. ಎಥೆನಾಲಿನಾಗ ಪೆಟ್ರೋಲಿಗಿಂತ ಮೂರರಾಗ ಒಂದು ಪಾಲು ಶಕ್ತಿ ಕಡಿಮಿ, ಅದಕ್ಕ ಹಳೇ ಗಾಡಿಗೆ ಮೈಲೇಜ್ ಸ್ವಲ್ಪ ಇಳಿಯೋದು ಖರೇ. ಟ್ಯಾಂಕಿನಾಗ ನೀರು ಸೇರಿದ್ರ ಎಥೆನಾಲ್ ನೀರಿನ ಜೊತೆ ಕೆಳಗ ಇಳಿದು ಗಾಡಿ ಜರ್ಕ್ ಹೊಡಿತದ, ಮುಚ್ಚಳದ ರಬ್ಬರ್ ಬದಲಸ್ರಿ. ರೈತರನ್ನ ಬೈದ್ರ ರೇಟ್ ಇಳಿಯೂದಿಲ್ಲ.

ಲಾರಿ ಚಾಲಕ, ಝಳಕಿ: ಕಚ್ಚಾ ತೈಲ ಇಳಿದ್ರ ಇಲ್ಲಿ ಯಾಕ ಇಳಿಯೂದಿಲ್ರಿ?

ಮ್ಯಾನೇಜರ್: 2025ರ ಏಪ್ರಿಲ್ ನೋಡ್ರಿ. ರಾಜ್ಯ 1ನೇ ತಾರೀಖಿಂದ ಡೀಸೆಲ್ ತೆರಿಗೆ 21.17 ಶೇಕಡಾಕ್ಕ ಏರಿಸ್ತು. ಅದೇ ತಿಂಗಳು ಕೇಂದ್ರ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕ ಏರಿಸ್ತು, ಬಂಕ್ ರೇಟ್ ಮುಟ್ಟಲಿಲ್ಲ. ಕಚ್ಚಾ ತೈಲ ಇಳಿದ ಲಾಭ ಅಲ್ಲೇ ಮುಗೀತು.

ಆಟೋ ಚಾಲಕ, ಜಮಖಂಡಿ: ಸರ್, ನಾಳೆ ಏರ್ತದೇನ್ರಿ?

ಮ್ಯಾನೇಜರ್: ಮ್ಯಾಲ ಓದ್ರಿ.

ಆಟೋ ಚಾಲಕ, ಬಾಗಲಕೋಟೆ: ಹಂಗಾದ್ರ ನಮ್ಮ ಮೀಟರ್ ಬಾಡಿಗಿ ಎಂದು ಏರಸ್ತಾರ?

ಬೈಕ್ ಸವಾರ, ಸಿಂದಗಿ: ಬ್ಯಾಸಿಗ್ಯಾಗ ಫುಲ್ ಟ್ಯಾಂಕ್ ಮಾಡಿದ್ರ ಸಿಡಿತದಂತ, ವಿಡಿಯೋ ಕಳಸ್ಲಿ?

ಮ್ಯಾನೇಜರ್: ಬ್ಯಾಡ. ಅದು ಸುಳ್ಳು. ಇನ್ನೊಂದು ಬಂದ್ರ ಗುಂಪಿನಿಂದ ತಗಸ್ತೀನಿ.

ನಾಝಲ್ ಹುಡುಗ: ಸರ್, ಟೆಸ್ಟಿಂಗ್ ರಿಜಿಸ್ಟರ್ ತೋರಿಸೂದಿಲ್ಲ ಅಂದ್ರ?

ಮ್ಯಾನೇಜರ್: ನಿನ್ನ 6 ಗಂಟೆ ಫೋಟೋ, ಪಗಾರ ಚೀಟಿ, ಕೈಲೆ ಬರದ ಲೆಕ್ಕ ಹಚ್ಚಿ ಮಾಲೀಕರಿಗೆ ಅರ್ಜಿ ಕೊಡು. ಎರಡನೇ ಪ್ರತಿ ಮ್ಯಾಲ ತಾರೀಖು, ಸಹಿ ತಗೋ. ಸಹಿ ಮಾಡಲಿಲ್ಲಂದ್ರ ಅದನ್ನೇ ರಿಜಿಸ್ಟರ್ಡ್ ಪೋಸ್ಟ್ ಮಾಡು, ಆಮ್ಯಾಲ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗು. ಮೂಲ ಫೋಟೋ ಫೋನಿನಿಂದ ಅಳಿಸಬ್ಯಾಡ.