ಆಕಾಶವಾಣಿ ಅನ್ನೋ ಹೆಸರು ಮೈಸೂರಿಂದಾನೇ ಬಂದಿದ್ದಾ? ಹಳೇ ರೇಡಿಯೊ ಬಗ್ಗೆ ಎಲ್ಲಿ ಓದೋದು?

ರೇಡಿಯೊಹುಚ್ಚ:
ಎಲ್ರಿಗೂ ನಮಸ್ಕಾರ. ನಮ್ ತಾತ ಇರೋವರ್ಗೂ ಒಂದೇ ಮಾತು, ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಕೊಟ್ಟಿದ್ದು ಮೈಸೂರು ಕಣೋ ಅಂತ. ಮೊನ್ನೆ ಆಫೀಸಲ್ಲಿ ಇದನ್ನ ಹೇಳಿದ್ರೆ ಬಂಗಾಳಿ ಫ್ರೆಂಡು ಇಲ್ಲ ಅದು ಟ್ಯಾಗೋರ್ ಇಟ್ಟಿದ್ದು ಅಂತ ಜಗಳಕ್ಕೇ ಬಂದ. ಸರಿ ಅಂತ ಇಂಟರ್ನೆಟ್ ಆರ್ಕೈವಲ್ಲಿ ಹುಡುಕ್ದಾಗ ದಿ ಇಂಡಿಯನ್ ಲಿಸನರ್ ಅಂತ ರೇಡಿಯೊದವರದೇ ಹಳೇ ಪತ್ರಿಕೆ ಸ್ಕ್ಯಾನ್ ಸಿಕ್ತು, ಮೂರು ರಾತ್ರಿ ನಿದ್ದೆಗೆಟ್ಟು 1936ರಿಂದ 38ರವರೆಗೆ ಕೈಗೆ ಸಿಕ್ಕ ಸಂಚಿಕೆ ತಿರುವಿದೆ, ಮೈಸೂರಿನ ಪ್ರೋಗ್ರಾಮ್ ಲಿಸ್ಟ್ ಕಣ್ಣಿಗೆ ಬೀಳಲಿಲ್ಲ. ತಾತ ಬುರುಡೆ ಬಿಟ್ರಾ?

ಅಗ್ರಹಾರದವ:
ತಾತನ್ನ ಯಾಕ್ರೀ ಅನುಮಾನ ಪಡ್ತೀರಾ, ನೀವು ಹುಡುಕಿದ ಜಾಗ ತಪ್ಪು. ಆ ಪತ್ರಿಕೆ ಆಲ್ ಇಂಡಿಯಾ ರೇಡಿಯೊದ್ದು. ಮೈಸೂರಿನ ಸ್ಟೇಷನ್ನು ಅವರದ್ದಲ್ಲ, ಮಹಾರಾಜಾ ಕಾಲೇಜಲ್ಲಿ ಸೈಕಾಲಜಿ ಮೇಷ್ಟ್ರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಮನೇಲಿ ಶುರು ಮಾಡಿದ್ದು. ಮೊದಲ ಟ್ರಾನ್ಸ್‌ಮೀಟರ್ 30 ವ್ಯಾಟ್, ಹಳೇ ನಲ್ವತ್ತು ಕ್ಯಾಂಡಲ್ ಬಲ್ಬಿಗಿಂತ ಕಮ್ಮಿ! ಆಮೇಲೆ ಸಂಸ್ಥಾನದ ಕೈಗೆ ಹೋಯ್ತು, ಆಲ್ ಇಂಡಿಯಾ ರೇಡಿಯೊಗೆ ಸೇರಿದ್ದು 1950ರಲ್ಲಿ. ಹಂಗಾಗಿ 36ರ ಸಂಚಿಕೇಲಿ ಎಲ್ಲಿಂದ ಸಿಗುತ್ತೆ.

ಹಳೇಪೇಟೆ78:
ಟ್ಯಾಗೋರ್ ವಿಷ್ಯಾನೂ ಪೂರ್ತಿ ಸುಳ್ಳಲ್ಲ ಮಾರಾಯ್ರೆ. ಕಲ್ಕತ್ತಾದಲ್ಲಿ ಶಾರ್ಟ್‌ವೇವ್ ಅಂದ್ರೆ ದೂರದೂರಿಗೂ ಕೇಳೋ ರೇಡಿಯೊ ಪ್ರಸಾರ ಶುರುವಾದಾಗ ಅವರು ಆ ಹೆಸರಲ್ಲಿ ಒಂದು ಪದ್ಯ ಬರ್ದಿದ್ರು, ಆದ್ರೆ ಅದು 1938. ಮೈಸೂರು ಮೂರು ವರ್ಷ ಮುಂಚೆ. ಇನ್ನು ಮೈಸೂರಲ್ಲಿ ಆ ಹೆಸರು ಹೊಳೆದಿದ್ದು ಯಾರಿಗೆ ಅಂದ್ರೆ ಸಾಹಿತಿ ನಾ. ಕಸ್ತೂರಿಗೆ ಅಂತ ಬಹಳ ಜನ ಬರೀತಾರೆ, ಕೆಲವ್ರು ಗೋಪಾಲಸ್ವಾಮಿ ಅಂತಾರೆ, ಅದು ನಮ್ಮನೆ ಜಗಳ, ಬಂಗಾಳಿ ಫ್ರೆಂಡಿಗೆ ಹೇಳ್ಬೇಡಿ 😄

ಕಿವಿಮಾತು:
ಹುಡುಕೋರಿಗೆ ಒಂದು ಮಾತು, ಬ್ರಿಟಿಷರ ಕಾಲದ ಇಂಗ್ಲಿಷ್ ಪೇಪರಲ್ಲಿ ಕನ್ನಡ ಅಂತ ಹಾಕಿದ್ರೆ ಹೆಚ್ಚೇನೂ ಬರಲ್ಲ, ಅವರು ಹೆಚ್ಚಾಗಿ ಬರೀತಿದ್ದಿದ್ದು ಕೆನರೀಸ್ ಅಂತ, ಇಂಗ್ಲಿಷ್ ಅಕ್ಷರದಲ್ಲಿ ಅದನ್ನ ಹಾಕಿ ನೋಡಿ. ಹೆಸರುಗಳ ಸ್ಪೆಲಿಂಗೂ ಒಂದೊಂದ್ ಕಡೆ ಒಂದೊಂದ್ ಥರ. ಕನ್ನಡ ಪುಸ್ತಕದ ಸ್ಕ್ಯಾನ್‌ಗಳಲ್ಲಂತೂ ಎಷ್ಟೋ ಸಲ ಸರ್ಚೇ ಕೆಲಸ ಮಾಡಲ್ಲ, ಪುಟ ಪುಟ ಕಣ್ಣಲ್ಲೇ ನೋಡ್ಬೇಕು. ಸಿನಿಮಾ ಕಡೆ ಆಸಕ್ತಿ ಇದ್ರೆ ಇಂಡಿಯನ್‌ಸಿನೆ ಡಾಟ್ ಎಮ್‌ಎ ಅಂತ ಒಂದು ಸೈಟಿದೆ, ಸೈಲೆಂಟ್ ಚಿತ್ರಗಳ ಕಾಲದಿಂದ ಮಾಹಿತಿ ಇದೆ, ಫ್ರೀ. ನಮ್ಮ ಮೊದಲ ಟಾಕಿ 1934ರ ಸತಿ ಸುಲೋಚನದ ಪ್ರಿಂಟೇ ಉಳಿದಿಲ್ಲ, ಓದಿ ತಿಳ್ಕೊಳ್ಳೋದೊಂದೇ ದಾರಿ. ಆ ಕಾಲದ ರೇಡಿಯೊನೂ ಅಷ್ಟೇ, ಬಹುಪಾಲು ಲೈವ್, ಹಾಡಿದ್ದು ಗಾಳಿಗೆ ಹೋಯ್ತು.

ರೇಡಿಯೊಹುಚ್ಚ:
ಥ್ಯಾಂಕ್ಸ್ ಎಲ್ರಿಗೂ! ಮೂರು ರಾತ್ರಿ ವೇಸ್ಟ್ ಆಯ್ತು ಅಂತ ಬೇಜಾರಿಲ್ಲ, ಅದರಲ್ಲಿ ಬರೋ ರೇಡಿಯೊ ಸೆಟ್ ಜಾಹೀರಾತು ನೋಡ್ತಾನೇ ಕೂತ್ಬಿಟ್ಟೆ. ಅಂದಹಾಗೆ ಅಟ್ಟದಲ್ಲಿ ತಾತನ ರೇಡಿಯೊ ಲೈಸೆನ್ಸ್ ಪುಸ್ತಕ ಸಿಕ್ಕಿದೆ, ಪೋಸ್ಟಾಫೀಸಲ್ಲಿ ವರ್ಷಾವರ್ಷ ದುಡ್ಡು ಕಟ್ಟಿ ಮುದ್ರೆ ಹಾಕಿಸ್ಕೊಳ್ತಿದ್ರಲ್ಲ ಅದು. ಗೆದ್ದಲು ಹಿಡಿದಿದೆ, ಉಳಿದಿರೋ ಪುಟ ನಾಳೆ ಫೋಟೊ ತೆಗೆದು ಹಾಕ್ತೀನಿ.