ಮನೆಮಂದಿಯೆಲ್ಲ ಕೂತು ಮಾಡುವ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್‌ಗೆ ಕಿಟ್ ಮೊದಲೇ ಕೊಳ್ಳಬೇಕಾ?

ಮಂಡ್ಯದ ಅಮ್ಮ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಮಗಳು ಆರನೇ ಕ್ಲಾಸು. ಕೆಟ್ಟ ಟಾರ್ಚು, ರಿಮೋಟು ಏನು ಸಿಕ್ಕಿದರೂ ಬಿಚ್ಚಿ ಹಾಕುತ್ತಾಳೆ. ಮೈಸೂರಿನಲ್ಲಿ ಭಾನುವಾರ ಅಪ್ಪ ಅಮ್ಮನೂ ಮಕ್ಕಳ ಜೊತೆ ಕೂತು ಮಾಡುವ ಕೋಡಿಂಗ್, ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ಇದೆಯಂತೆ. ನಾನು ಓದಿದ್ದು ಪಿಯುಸಿ ಆರ್ಟ್ಸ್. ಯಜಮಾನರು ಕಬ್ಬು, ಭತ್ತ ಬೆಳೆಯುತ್ತಾರೆ. ಇಬ್ಬರಿಗೂ ಕಂಪ್ಯೂಟರ್ ಬರುವುದಿಲ್ಲ. ಅಲ್ಲಿ ಹೋಗಿ ನಾವೇನು ಮಾಡುವುದು? ಆರ್ಡುಯಿನೋ ಅಂತ ಪ್ರೋಗ್ರಾಮು ಹಾಕುವ ಬೋರ್ಡಿನ ಕಿಟ್ ಬರುತ್ತಂತಲ್ಲ, ಅದನ್ನು ಮೊದಲೇ ತಗೊಂಡು ಹೋಗಬೇಕಾ?

ಕುವೆಂಪುನಗರದ ಮೇಷ್ಟ್ರು:
ಖಂಡಿತ ಬನ್ನಿ ಅಮ್ಮ. ಯಜಮಾನರನ್ನೂ ಕರೆದುಕೊಂಡು ಬನ್ನಿ. ಕಿಟ್ ಈಗ ಬೇಡ.

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತನಾದವನು. ಈಗ ಇಂಥ ವರ್ಕ್‌ಶಾಪ್‌ಗಳಲ್ಲಿ ಮಕ್ಕಳ ಜೊತೆ ಕೂರುತ್ತೇನೆ. ಎಷ್ಟೋ ಅಪ್ಪ ಅಮ್ಮಂದಿರು ಗೋಡೆ ಪಕ್ಕ ಬ್ಯಾಗು ಹಿಡಿದು ಕೂತುಬಿಡುತ್ತಾರೆ. ನನಗೆ ಅದು ನಿಜವಾಗಿಯೂ ಬೇಜಾರು. ನಿಮಗೆ ಗೊತ್ತಿರುವುದೇ ಅಲ್ಲಿ ಬೇಕಾಗಿರುವುದು.

ಒಂದು ಉದಾಹರಣೆ ಹೇಳುತ್ತೇನೆ. ಪಾಂಡವಪುರ ಕಡೆಯ ಒಬ್ಬ ರೈತರು ಮಗನ ಜೊತೆ ಬಂದಿದ್ದರು. ಅವತ್ತು ಮಣ್ಣಿನ ತೇವ ಅಳೆಯುವ ಕೆಲಸ. ಕುಂಡದ ಮಣ್ಣಿಗೆ ಎರಡು ಮೊಳೆ ಚುಚ್ಚಿ, ವೈರಿನಿಂದ ಮೈಕ್ರೋಬಿಟ್ ಬೋರ್ಡಿಗೆ (ಮಕ್ಕಳು ಕೋಡಿಂಗ್ ಕಲಿಯುವ ಪುಟ್ಟ ಕಂಪ್ಯೂಟರ್) ಸೇರಿಸಿದೆವು. ಒಂದು ಮೊಳೆ 3 ವೋಲ್ಟ್ ಪಿನ್ನಿಗೆ, ಇನ್ನೊಂದು ಸೊನ್ನೆ ನಂಬರಿನ ಪಿನ್ನಿಗೆ. ಬೋರ್ಡು 0ಯಿಂದ 1023ರವರೆಗಿನ ಒಂದು ಅಂಕಿ ತೋರಿಸುತ್ತದೆ. ಮಣ್ಣು ಒದ್ದೆಯಾದಷ್ಟೂ ಕರೆಂಟು ಸಲೀಸಾಗಿ ಹರಿದು ಅಂಕಿ ಏರುತ್ತದೆ. ಆದರೆ ಯಾವ ಅಂಕಿಗೆ ನೀರು ಬಿಡಬೇಕು? ಅದು ಬೋರ್ಡಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ರೈತರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ಬೆರಳಿನಿಂದ ಒತ್ತಿ ನೋಡಿದರು. ‘ಹದ ಹೋಗ್ತಾ ಇದೆ, ಇನ್ನು ನೀರು ಬೇಕು’ ಅಂದರು. ಮಗ ಆಗ ಇದ್ದ ಅಂಕಿಯನ್ನು ಬರೆದುಕೊಂಡು ಪ್ರೋಗ್ರಾಮಿಗೆ ಹಾಕಿದ. ಅದಕ್ಕಿಂತ ಕೆಳಗೆ ಇಳಿದರೆ ಕೆಂಪು ಎಲ್‌ಇಡಿ ಹತ್ತಬೇಕು, ಅಷ್ಟೇ. ಆ ಪ್ರೋಗ್ರಾಮಿನ ಮುಖ್ಯ ಸಾಲನ್ನು ಬರೆಸಿದ್ದು ಅಪ್ಪ ಅಲ್ವಾ? ನಿಮ್ಮ ಯಜಮಾನರಿಗೂ ಈ ವಿದ್ಯೆ ಕೈಯಲ್ಲೇ ಇದೆ.

(ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಹೊಲದಲ್ಲಿ ಬಿಡುವುದಾದರೆ, ಲೋಹ ಮಣ್ಣಿಗೆ ತಾಗದೆ ತೇವ ಅಳೆಯುವ ಕೆಪಾಸಿಟಿವ್ ಸೆನ್ಸರ್ ಬೇಕು. ಇದನ್ನು ಪಂಪಿನ ತ್ರೀ ಫೇಸ್ ಮೋಟರ್ ಸ್ಟಾರ್ಟರಿಗೆ ಮನೆಯಲ್ಲಿ ನೀವೇ ಜೋಡಿಸಲು ಮಾತ್ರ ಹೋಗಬೇಡಿ.)

ಬರುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, ಎರಡು ತುಂಡು ವೈರು, 6ಬಿ ಪೆನ್ಸಿಲ್ (ಚಿತ್ರ ಬರೆಯುವ, ಕಪ್ಪಗೆ ಮೂಡುವ ಮೆತ್ತನೆಯ ಪೆನ್ಸಿಲ್) ಸಾಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಬ್ಯಾಟರಿಗೆ ನೇರವಾಗಿ ಕೊಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಅದಕ್ಕೇ ಕಾಗದದ ಮೇಲೆ ಪೆನ್ಸಿಲ್ಲಿನಿಂದ ದಪ್ಪ ಗೆರೆ ತೀಡಿ, ಕರೆಂಟು ಆ ಗೆರೆಯ ಮೂಲಕ ಹೋಗುವ ಹಾಗೆ ಮಾಡಿ. ವೈರಿನ ತುದಿಯನ್ನು ಗೆರೆಯ ಮೇಲೆ ಜರುಗಿಸಿದರೆ ಬೆಳಕು ಜಾಸ್ತಿ ಕಡಿಮೆ ಆಗುತ್ತದೆ. ಗೆರೆ ಉದ್ದವಾದಷ್ಟೂ ಬೆಳಕು ಮಂಕು. ಕರೆಂಟನ್ನು ತಡೆಯುವ ರೆಸಿಸ್ಟರ್ ಅಂದರೆ ಏನು ಅಂತ ಮಗಳೇ ನಿಮಗೆ ಹೇಳಿಕೊಡುತ್ತಾಳೆ, ನೋಡಿ.

ಕೋಡಿಂಗಿಗೂ ದುಡ್ಡು ಬೇಡ. ಮೇಕ್‌ಕೋಡ್ ವೆಬ್‌ಸೈಟಿನಲ್ಲಿ ಪರದೆಯ ಮೇಲೇ ಒಂದು ಮೈಕ್ರೋಬಿಟ್ ಇರುತ್ತದೆ. ಬರೆದ ಪ್ರೋಗ್ರಾಮು ಅದರಲ್ಲೇ ಓಡುತ್ತದೆ.

ಶ್ರೀರಂಗಪಟ್ಟಣದ ಟೀಚರ್:
ಮೇಷ್ಟ್ರು ಹೇಳಿದ್ದು ಸರಿ. ಅಕ್ಕ, ಮಗಳ ಶಾಲೆಯಲ್ಲೋ ಹತ್ತಿರದ ಶಾಲೆಯಲ್ಲೋ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಎಲೆಕ್ಟ್ರಾನಿಕ್ಸ್ ಎಲ್ಲ ಕೈಯಾರೆ ಮಾಡಿ ಕಲಿಯುವ ಜಾಗ) ಇದೆಯಾ ಅಂತ ವಿಚಾರಿಸಿ. 2016ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, 6ರಿಂದ 12ನೇ ತರಗತಿಯವರಿಗೆ. ಇನ್ನೊಂದು ಮಾತು. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಬಟನ್ ಸೆಲ್ (ವಾಚು, ಆಟಿಕೆಗಳಲ್ಲಿರುವ ಗುಂಡಿಯಂಥ ಚಿಕ್ಕ ಬ್ಯಾಟರಿ) ಕೈಗೆ ಸಿಗದಂತೆ ಇಡಿ. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮಂಡ್ಯದ ಅಮ್ಮ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಟೀಚರ್. ಇದನ್ನು ಯಜಮಾನರಿಗೆ ಓದಿ ಹೇಳಿದೆ. ‘ಮರಳು ಮಣ್ಣಿಗೂ ಎರೆ ಮಣ್ಣಿಗೂ ಅಂಕಿ ಬೇರೆ ಬೇರೆ ಬರಲ್ವಾ?’ ಅಂತ ಕೇಳುತ್ತಿದ್ದಾರೆ.

ಕುವೆಂಪುನಗರದ ಮೇಷ್ಟ್ರು:
ಬಂದೇ ಬರುತ್ತದೆ! ಎರಡೂ ಮಣ್ಣನ್ನು ಒಂದೊಂದು ಡಬ್ಬಿಯಲ್ಲಿ ತರಲು ಹೇಳಿ. ಭಾನುವಾರ ಅದನ್ನೇ ಅಳೆಯೋಣ.