ಪದ ಬೇಕು, ಅರ್ಜೆಂಟ್: ‘ಫೇರಿ ಶ್ರಿಂಪ್’

ಮುಲುಂಡಿನಿಂದ:
ನಮಸ್ಕಾರ. ಇಲ್ಲಿನ ಕನ್ನಡ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದು ಫ್ಲೆಕ್ಸ್ ಆಗಬೇಕು, ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗಬೇಕು. ಕರಡಿನಲ್ಲಿ ‘ಲವಣ ಸರೋವರಗಳಲ್ಲಿ ಯಕ್ಷಿಣಿ ಸಿಗಡಿ ಪ್ರಭೇದಗಳ ವಿತರಣೆ’ ಅಂತಿದೆ. ಮಗಳು ಓದಿ, ‘ರೇಷನ್ ಅಂಗಡೀಲಿ ಕೊಡ್ತಾರಾ ಅಮ್ಮಾ?’ ಅಂದಳು.

ಒಳಗಿನ ವಿಷಯ ಇಷ್ಟು. ಫೇರಿ ಶ್ರಿಂಪ್ ಅಂದರೆ ಸಿಗಡಿಯಂತೆ ಕಾಣುವ ಪುಟ್ಟ ನೀರಜೀವಿ. ಅದರಲ್ಲಿ ಆರ್ಟೀಮಿಯಾ ಎಂಬ ಕುಲದ ಪ್ರಭೇದಗಳು ಹೀಗೆ ಹರಡಿವೆ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕಿನಲ್ಲಿ ಆರ್ಟೀಮಿಯಾ ಫ್ರಾನ್ಸಿಸ್ಕಾನಾ, ಇರಾನಿನ ಉರ್ಮಿಯಾದಲ್ಲಿ ಉರ್ಮಿಯಾನಾ, ಟಿಬೆಟಿನಲ್ಲಿ ಟಿಬೆಟಿಯಾನಾ. ಆಸ್ಟ್ರೇಲಿಯಕ್ಕೆ ಪ್ಯಾರಾರ್ಟೀಮಿಯಾ ಎಂಬ ಬೇರೆಯೇ ಕುಲ, ಅದು ಬೇರೆಲ್ಲೂ ಇಲ್ಲ. ನಮ್ಮ ರಾಜಸ್ಥಾನದ ಸಾಂಭರ್ ಸರೋವರದ ಆರ್ಟೀಮಿಯಾ ಗಂಡಿಲ್ಲದೆಯೇ ಮರಿ ಮಾಡುತ್ತದೆ.

ಅಕ್ವೇರಿಯಂ ಅಂಗಡಿಯಿಂದ ಮೊಟ್ಟೆ ತಂದಿದ್ದೇವೆ. ಥೇಟ್ ಕಂದು ಬಣ್ಣದ ಸಣ್ಣ ರವೆ. ಉಪ್ಪುನೀರಿಗೆ ಹಾಕಿದ ಮರುದಿನವೇ ಬಾಟಲಿಯಲ್ಲಿ ಕಿತ್ತಳೆ ಚುಕ್ಕಿಗಳು ಓಡಾಡತೊಡಗಿದವು. ಹೆಸರು ಹೇಳಿ, ಪ್ಲೀಸ್.

ಪುಣೆಯಿಂದ:
ಯಕ್ಷಿಣಿ ಅಂದರೆ ಮಾಟ. ಬೇಡ. ಕಿನ್ನರಿ ಸಿಗಡಿ ಎನ್ನಿ.

ಡೊಂಬಿವಲಿಯಿಂದ:
ಕಿನ್ನರಿ ನಮ್ಮ ಕಡೆ ಜೋಗಿಗಳ ಕೈಲಿರುವ ವಾದ್ಯ. ಇಂಗ್ಲಿಷಿನವರಿಗೆ ಅದು ಫೇರಿಯಂತೆ ಕಂಡರೆ ನಾವೂ ರೆಕ್ಕೆ ಹಚ್ಚಬೇಕಾ? ಅದು ಅಂಗಾತ ಮಲಗಿ, ಕಾಲು ಮೇಲೆ ಮಾಡಿ ಈಜುತ್ತದೆ. ಅಂಗಾತ ಸಿಗಡಿ. ಮುಗಿಯಿತು. ‘ವಿತರಣೆ’ ತೆಗೆದು ‘ಹರವು’ ಹಾಕಿ. ‘ಪ್ರಭೇದ’ ಯಾಕೆ, ‘ಬಗೆ’ ಸಾಲದೇ? ‘ಲವಣ ಸರೋವರ’ ಅಲ್ಲ, ‘ಉಪ್ಪಿನಾಗರ’. ಎಲ್ಲಾ ಅಚ್ಚಗನ್ನಡ.

ವಾಸ್ಕೋದಿಂದ:
ಉಪ್ಪಿನಾಗರ ಅಂದರೆ ಉಪ್ಪು ಬೆಳೆಯುವ ಗದ್ದೆ ಮಾರಾಯ್ರೆ, ಸರೋವರ ಅಲ್ಲ. ನಾನು ಗೋಕರ್ಣದ ಹತ್ತಿರದವನು, ಸಾಣಿಕಟ್ಟೆಯ ಆಗರ ನೋಡುತ್ತಲೇ ಬೆಳೆದವನು. ಗೋವೆಯಲ್ಲಿ ಅದು ಮಿಠಾಗರ. ನಿಮ್ಮ ಮುಂಬೈಯ ಆಗ್ರಿ ಜನರಿಗೆ ಹೆಸರು ಬಂದದ್ದೂ ಈ ಆಗರದಿಂದಲೇ. ಅಂದ ಹಾಗೆ ‘ಆಗರ’ ಅಚ್ಚಗನ್ನಡ ಅಲ್ಲ, ‘ಆಕರ’ದ ತದ್ಭವ. ಇನ್ನು ಸಿಗಡಿಗೆ ಕಾರವಾರದ ಕಡೆ ಶೆಟ್ಲಿ, ಮಂಗಳೂರಲ್ಲಿ ಎಟ್ಟಿ. ಅವನ್ನು ಯಾರೂ ಕೇಳುವುದಿಲ್ಲ.

ಡೊಂಬಿವಲಿಯಿಂದ:
ತದ್ಭವವಾದರೆ ಏನಾಯ್ತು? ನಾಲಿಗೆಗೆ ಒಗ್ಗಿದ್ದು ನಮ್ಮದೇ.

ವಾಸ್ಕೋದಿಂದ:
ಹಾಗಾದರೆ ‘ಪ್ರಭೇದ’ ಏನು ಪಾಪ ಮಾಡಿತ್ತು? ಸಿಗಡಿಯನ್ನೂ ಸ್ವಲ್ಪ ಕೆದಕಿ ನೋಡಿ. ಬಂಗಾಳಿಯಲ್ಲಿ ಚಿಂಗ್ರಿ, ಒಡಿಯಾದಲ್ಲಿ ಚಿಂಗುಡಿ, ಸಂಸ್ಕೃತ ನಿಘಂಟುಗಳಲ್ಲಿ ಚಿಂಗಟ. ಯಾರು ಯಾರಿಂದ ಸಾಲ ತಂದರು ಅಂತ ಪತ್ರ ಬರೆದುಕೊಡ್ತೀರಾ?

ಪುಣೆಯಿಂದ:
ಇಬ್ಬರೂ ಸ್ವಲ್ಪ ತಡೀರಿ. ಇದು ಸಿಗಡಿಯೇ ಅಲ್ಲ. ನೀರಚಿಗಟ ಇದರ ದಾಯಾದಿ, ಅಡುಗೆಮನೆಯ ಸಿಗಡಿ ದೂರದ ನೆಂಟ ಅಷ್ಟೇ. ಇನ್ನೊಂದು ತೊಡಕಿದೆ. ಫೇರಿ ಶ್ರಿಂಪ್ ಎಂದರೆ ಇಡೀ ಗುಂಪಿನ ಹೆಸರು, ಅದರಲ್ಲಿ ಜಾಸ್ತಿಯವು ಮಳೆನೀರಿನ ಹೊಂಡದವು. ನಮ್ಮ ಸಹ್ಯಾದ್ರಿಯ ಬಂಡೆ ಹೊಂಡಗಳಲ್ಲೂ ಒಂದಿದೆ, ಹೆಸರೇ ಸ್ಟ್ರೆಪ್ಟೊಸೆಫಾಲಸ್ ಸಹ್ಯಾದ್ರಿಯೆನ್ಸಿಸ್. ಉಪ್ಪು ತಾಳಿಕೊಳ್ಳುವ ಆರ್ಟೀಮಿಯಾ ಆ ಗುಂಪಿನ ಒಂದು ಕುಲ. ಸುಮ್ನೆ ಅದಕ್ಕೆ ‘ಉಪ್ಪುಸಿಗಡಿ’ ಅಂತ ಬರೆದರೆ ಉಪ್ಪುನೀರಲ್ಲೇ ಇರುವ ಪ್ಯಾರಾರ್ಟೀಮಿಯಾ ಎಲ್ಲಿಗೆ ಹೋಗಬೇಕು? ಹಾಂ, ಫ್ರಾನ್ಸಿಸ್ಕಾನಾ ಈಗ ಅಮೆರಿಕಕ್ಕಷ್ಟೇ ಸೀಮಿತ ಅಲ್ಲ. ಮೀನು, ಸಿಗಡಿ ಸಾಕಣೆಗೆಂದು ಅದರ ಮೊಟ್ಟೆ ಮಾರಿ ಮಾರಿ ನಮ್ಮ ದೇಶದ ಉಪ್ಪಿನ ಗದ್ದೆಗಳಿಗೂ ಬಂದು ಕೂತಿದೆ. ನಕ್ಷೆಯಲ್ಲಿ ಅದನ್ನೂ ತೋರಿಸಿ.

ಡೊಂಬಿವಲಿಯಿಂದ:
ಸಿಗಡಿ ಅಲ್ಲದಿದ್ದರೆ ಕಿನ್ನರಿ ‘ಸಿಗಡಿ’ ಎಂದದ್ದು ಯಾರು?

ಮುಲುಂಡಿನಿಂದ:
ಫ್ಲೆಕ್ಸ್ ಹೋಯಿತು. ‘ಉಪ್ಪುನೀರಿನ ಸರೋವರಗಳಲ್ಲಿ ಅಂಗಾತ ಸಿಗಡಿ: ಯಾವುದು ಎಲ್ಲಿ?’ ವಿತರಣೆಯೂ ಇಲ್ಲ, ಹರವೂ ಇಲ್ಲ. ಫ್ರಾನ್ಸಿಸ್ಕಾನಾಗೆ ಭಾರತದ ಮೇಲೂ ಒಂದು ಚುಕ್ಕಿ ಇಡಿಸಿದೆ. ಪ್ರೆಸ್ಸಿನವರ ಫಾಂಟಿನಲ್ಲಿ ಅರ್ಕಾವತ್ತು ಮುರಿದು ‘ಆರ್ಟೀಮಿಯಾ’ ‘ಆಟೀಮಿಯಾ’ ಆಗಿತ್ತು. ಅವರಿಗೆ ಕನ್ನಡ ಬಾರದು, ಪಕ್ಕದಲ್ಲಿ ನಿಂತು ಒಂದೊಂದೇ ತೋರಿಸಿದೆ.

ವಾಸ್ಕೋದಿಂದ:
ಅಕ್ಕಾ, ‘ಸರೋವರ’ ಉಳಿಸಿಕೊಂಡಿದ್ದೀರಿ. ಡೊಂಬಿವಲಿಯವರು ಇನ್ನೂ ನೋಡಿಲ್ಲ ಅನ್ಸುತ್ತೆ.